‘ಗೆರೆ ಸತ್ತಿದೆ’ ಅಂದರೇನು ಮೇಡಂ?

ಪ್ರಶ್ನೆ: ನಾನು ಆರ್ಕಿಟೆಕ್ಚರ್ ಮೊದಲ ವರ್ಷದ ವಿದ್ಯಾರ್ಥಿನಿ. ಒಂದೇ ಮನೆಯ ಪ್ಲಾನನ್ನು ಎ1 ಶೀಟಿನ ಮೇಲೆ ಪೆನ್ಸಿಲಿನಲ್ಲಿ ಮೂರು ಸಲ ಬರೆದೆ. ಮೂರು ಸಲವೂ ಮೇಷ್ಟ್ರು ‘ಗೆರೆ ಸತ್ತಿದೆ’ ಅಂತ ವಾಪಸ್ ಕೊಟ್ಟರು. ಸೀನಿಯರ್‌ಗಳನ್ನು ಕೇಳಿದರೆ, ಆಫೀಸುಗಳಲ್ಲಿ ಟಿ-ಸ್ಕ್ವೇರ್ (ಬೋರ್ಡಿನ ಮೇಲೆ ನೇರ ಗೆರೆ ಎಳೆಯುವ ಪಟ್ಟಿ) ಯಾರೂ ಮುಟ್ಟಲ್ಲ, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೊಕ್ಯಾಡನ್ನು ಈಗಲೇ ಕಲಿ ಅನ್ನುತ್ತಾರೆ. ಅಪ್ಪ ಲ್ಯಾಪ್‌ಟಾಪಿಗೆ ಸಾಲ ಮಾಡಲು ಹೊರಟಿದ್ದಾರೆ. ಏನು ಮಾಡಲಿ?
— ಹೆಸರು ಬೇಡ, ಬನಶಂಕರಿ, ಬೆಂಗಳೂರು

ಉತ್ತರ: ನನ್ನ ಮಗಳಿಗಿಂತ ಚಿಕ್ಕವಳು ನೀನು, ಏಕವಚನದಲ್ಲೇ ಬರೆಯುತ್ತೇನೆ. ಸಾಲ ಈ ವರ್ಷ ಬೇಡ ಅಂತ ಅಪ್ಪನಿಗೆ ಹೇಳು. ಮೊದಲ ವರ್ಷದ ಪ್ಲಾನಿಗೆ ಕಾಲೇಜಿನ ಲ್ಯಾಬು ಸಾಕು. ಆಟೊಕ್ಯಾಡನ್ನು ವಿದ್ಯಾರ್ಥಿಗಳಿಗೆ ಕಂಪನಿಯವರೇ ಪುಕ್ಕಟೆ ಕೊಡುತ್ತಾರೆ.

ಇನ್ನು ಸತ್ತ ಗೆರೆಯ ವಿಷಯ. ನಿನ್ನ ಶೀಟು ನಾನು ನೋಡಿಲ್ಲ. ಆದರೂ ಪಂದ್ಯ ಕಟ್ಟುತ್ತೇನೆ, ಎಲ್ಲವನ್ನೂ ಒಂದೇ ಎಚ್‌ಬಿ ಪೆನ್ಸಿಲಿನಲ್ಲಿ ಬರೆದಿದ್ದೀಯ. ಎಲ್ಲ ಗೆರೆಯೂ ಒಂದೇ ದಪ್ಪ, ಒಂದೇ ಕಪ್ಪಾದರೆ ಯಾವುದು ಏನು ಅಂತ ಹಾಳೆ ಹೇಳುವುದಿಲ್ಲ, ಮೇಷ್ಟ್ರು ‘ಸತ್ತಿದೆ’ ಅನ್ನುವುದು ಅದಕ್ಕೇ ಇರಬೇಕು. ಪ್ಲಾನ್ ಅಂದರೆ ಮನೆಯನ್ನು ಸುಮಾರು ನಾಲ್ಕಡಿ ಎತ್ತರದಲ್ಲಿ ಅಡ್ಡ ಕೊಯ್ದು ಮೇಲಿನಿಂದ ಬಗ್ಗಿ ನೋಡಿದ ಹಾಗೆ. ಕತ್ತಿ ತಾಗಿದ್ದು ಗೋಡೆಗೆ, ಅದು ಕಪ್ಪಗೆ ಎದ್ದು ಕಾಣಬೇಕು. ಅಡುಗೆಮನೆ ಕಟ್ಟೆ ಕತ್ತಿಗಿಂತ ಕೆಳಗಿದೆ, ಅದಕ್ಕೆ ತೆಳು ಗೆರೆ. ನೆಲದ ಟೈಲ್ಸ್ ಇನ್ನೂ ಕೆಳಗೆ, ಅದು ಇದ್ದೂ ಇಲ್ಲದ ಹಾಗಿರಬೇಕು. ಪೆನ್ಸಿಲಿನಲ್ಲಿ ಎಚ್ ಅಂದರೆ ಗಟ್ಟಿ, ತಿಳಿ ಗೆರೆ; ಬಿ ಅಂದರೆ ಮೆತ್ತಗೆ, ಕಪ್ಪು ಗೆರೆ. ಟೈಲ್ಸ್‌ಗೆ 2ಎಚ್, ಕಟ್ಟೆಗೆ ಎಚ್, ಗೋಡೆಗೆ ಬಿ ಹಿಡಿ. ಎಳೆಯುವಾಗ ಪೆನ್ಸಿಲನ್ನು ಬೆರಳಲ್ಲೇ ಮೆಲ್ಲಗೆ ಉರುಳಿಸುತ್ತಾ ಹೋಗು, ಮೊನೆ ಒಂದೇ ಮಗ್ಗುಲಿಗೆ ಸವೆಯುವುದಿಲ್ಲ. ಮೂಲೆಯಲ್ಲಿ ಎರಡು ಗೆರೆ ಕೂದಲೆಳೆಯಷ್ಟು ದಾಟಿಕೊಳ್ಳಲಿ. ತಾಗದೆ ನಿಂತ ಮೂಲೆ ದೂರದಿಂದ ದುಂಡಗೆ ಕಾಣುತ್ತದೆ.

ನಮ್ಮ ಕಾಲದಲ್ಲಿ ಟ್ರೇಸಿಂಗ್ ಪೇಪರಿನ ಮೇಲೆ ಇಂಕ್ ಪೆನ್ನು. ತಪ್ಪಾದರೆ ಅರ್ಧ ಬ್ಲೇಡಿನಿಂದ ಕೆರೆಯಬೇಕು, ಜೋರಾಗಿ ಕೆರೆದರೆ ತೂತು. ಬೆಂಗಳೂರಿನ ಜುಲೈ ಜಡಿಮಳೆಗೆ ಹಾಳೆ ಹಪ್ಪಳದ ಹಾಗೆ ಉಬ್ಬುತ್ತಿತ್ತು, ಆ ಕಷ್ಟ ನಿನಗೆ ಬೇಡ. ಆದರೆ ಆ ಪೆನ್ನುಗಳ ಅಂಕಿ ನೆನಪಿಟ್ಟುಕೋ: 0.25, 0.35, 0.5, 0.7 ಮಿ.ಮೀ. ಒಂದೊಂದೂ ಹಿಂದಿನದರ ಸುಮಾರು 1.4 ಪಟ್ಟು. ಎ3 ಹಾಳೆಯನ್ನು ಎ2ಗೆ ಹಿಗ್ಗಿಸಿದರೆ ಉದ್ದ, ಅಗಲವೂ ಅಷ್ಟೇ ಪಟ್ಟು ಬೆಳೆದು 0.25ರ ಗೆರೆ ತಾನಾಗಿಯೇ 0.35 ಆಗುತ್ತದೆ, ಲೆಕ್ಕ ಅದಕ್ಕೇ. ಇವೇ ಅಂಕಿಗಳು ಆಟೊಕ್ಯಾಡಿನ ಲೈನ್‌ವೇಟ್, ಅಂದರೆ ಗೆರೆ ದಪ್ಪದ ಪಟ್ಟಿಯಲ್ಲೂ ಕೂತಿವೆ. ಯಾವ ಗೆರೆಗೆ ಯಾವುದು ಅಂತ ಅಲ್ಲೂ ನೀನೇ ಹೇಳಬೇಕು. ಪೆನ್ಸಿಲಿನಲ್ಲಿ ಗೊತ್ತಾಗದಿದ್ದದ್ದು ಮೌಸ್ ಹಿಡಿದ ಕೂಡಲೇ ಗೊತ್ತಾಗುವುದಿಲ್ಲ.

ಹಾಗಂತ ಕೈಯೇ ದೇವರು ಅನ್ನುವವಳಲ್ಲ ನಾನು. ಆಟೊಕ್ಯಾಡ್ 1982ರಲ್ಲೇ ಮಾರುಕಟ್ಟೆಗೆ ಬಂದಿತ್ತು, ನನ್ನ ಕೈಗೆ ಸಿಕ್ಕಿದ್ದು ಓದು ಮುಗಿದು ಎಷ್ಟೋ ವರ್ಷಕ್ಕೆ. ಕಲಿತ ಹೊಸದರಲ್ಲಿ ಒಂದು ಮನೆಯ ಡ್ರಾಯಿಂಗನ್ನು ‘ಫಿಟ್ ಟು ಪೇಪರ್’ ಒತ್ತಿ ಪ್ರಿಂಟ್ ತೆಗೆದುಬಿಟ್ಟೆ. ಹಾಳೆಗೆ ಹಿಡಿಸಲು ಯಂತ್ರ ಇಡೀ ಮನೆಯನ್ನು ಒಂದಿಷ್ಟು ಕುಗ್ಗಿಸಿತ್ತು, ಮೂಲೆಯಲ್ಲಿ ಮಾತ್ರ 1:50 (ಹಾಳೆಯ ಒಂದು ಮಿ.ಮೀ. ಅಂದರೆ ನಿಜದ ಐವತ್ತು ಮಿ.ಮೀ.) ಅಂತ ಬರೆದೇ ಇತ್ತು. ಒಂದು ಕಿಟಕಿಗೆ ಅಳತೆ ನಮೂದಿಸಲು ನಾನು ಮರೆತಿದ್ದೆ. ಮರಗೆಲಸದವರು ಪಾಪ, ಹಾಳೆಯ ಮೇಲೆ ಸ್ಕೇಲ್ ಇಟ್ಟು ಅಳೆದರು. ನಾಲ್ಕಡಿ ಬರಬೇಕಾದ ಚೌಕಟ್ಟು ಮೂರಡಿ ಒಂಬತ್ತಿಂಚು ಬಂತು. ಅದೇ ಮಾದರಿಯವು ಎಂಟು. ದುಡ್ಡು ನನ್ನ ಕೈಯಿಂದಲೇ ಹೋಯಿತು. ಬೋರ್ಡಿನ ಮೇಲೆ ಬರೆಯುವಾಗ ಮೊದಲ ಗೆರೆಗೂ ಮುಂಚೆ ಸ್ಕೇಲ್ ಯಾವುದು, ಅಂದರೆ ನಿಜದ ಅಳತೆಯನ್ನು ಎಷ್ಟು ಪಟ್ಟು ಕುಗ್ಗಿಸುವುದು ಅಂತ ಗಟ್ಟಿ ಮಾಡಿಕೊಳ್ಳಲೇಬೇಕು. ಕಂಪ್ಯೂಟರಿನಲ್ಲಿ ಎಲ್ಲವನ್ನೂ ನಿಜವಾದ ಅಳತೆಗೇ ಬರೆದು, ಸ್ಕೇಲಿನ ಮಾತು ಪ್ರಿಂಟ್ ತೆಗೆಯುವ ಹೊತ್ತಿಗೆ ಬರುತ್ತದೆ. ನಾನು ಎಡವಿದ್ದು ಅಲ್ಲೇ.

ಈಗ ನಿನಗೊಂದು ಕೆಲಸ. ನಿಮ್ಮ ಮನೆ 30x40 ಸೈಟಿನಲ್ಲಿದೆ ಅಂದುಕೊಳ್ಳೋಣ. 1:50ಕ್ಕೆ ಆ ಸೈಟು 183 ಮಿ.ಮೀ. ಅಗಲ, 244 ಮಿ.ಮೀ. ಉದ್ದ. ಎ4 ಹಾಳೆ 210ಕ್ಕೆ 297, ಹಾಯಾಗಿ ಕೂರುತ್ತದೆ. ಟೇಪಿನ ಇನ್ನೊಂದು ತುದಿ ಅಮ್ಮನ ಕೈಗೆ ಕೊಟ್ಟು ಇಡೀ ಮನೆ ಅಳೆ, ಪ್ರತಿ ಕೋಣೆಯ ಮೂಲೆಯಿಂದ ಅದರ ಎದುರಿನ ಮೂಲೆಗೆ ಅಡ್ಡಡ್ಡಲೂ ಅಳೆ. ಪೆನ್ಸಿಲಿನಲ್ಲಿ ಬರೆ. ಆಮೇಲೆ ಅದೇ ಅಳತೆಗಳನ್ನು ಲ್ಯಾಬಿನಲ್ಲಿ ಆಟೊಕ್ಯಾಡಿಗೆ ಹಾಕು. ಕೊನೆಯ ಗೋಡೆ ಮೊದಲನೆಯದಕ್ಕೆ ಕೂಡದೆ ಒಂದಿಂಚು ಬಾಯಿ ಬಿಡುತ್ತದೆ, ನೋಡುತ್ತಿರು. ಪೆನ್ಸಿಲಿನಲ್ಲಿ ಅದು ಕಂಡಿರಲಿಲ್ಲ, ಯಾಕೆಂದರೆ ಅರ್ಧ ಮಿ.ಮೀ. ದಪ್ಪದ ಗೆರೆಯೊಳಗೆ 1:50ರಲ್ಲಿ ಒಂದಿಂಚು ಅಡಗಿ ಕೂರುತ್ತದೆ. ಟ್ರಿಮ್ಮು (ಗೆರೆ ಕತ್ತರಿಸುವುದು), ಎಕ್ಸ್‌ಟೆಂಡು (ಗೆರೆ ಎಳೆದು ಮುಟ್ಟಿಸುವುದು) ಅಂತ ಒತ್ತಿ ಆ ಬಿರುಕು ಮುಚ್ಚಬೇಡ. ಕೋಣೆ ಸೊಟ್ಟಗಿದೆಯೋ, ಟೇಪು ಜೋಲು ಬಿದ್ದಿತ್ತೋ, ಮತ್ತೆ ಅಳೆದು ನೋಡು.

ಆಮೇಲೆ 1:50ಕ್ಕೆ ಪ್ರಿಂಟ್ ತೆಗೆದು (ಯಾವ ಗುಂಡಿ ಒತ್ತಬಾರದು ಅಂತ ಗೊತ್ತಾಯಿತಲ್ಲ), ಎರಡೂ ಹಾಳೆಯನ್ನು ಒಂದರ ಮೇಲೊಂದು ಇಟ್ಟು ಬೆಳಗಿನ ಬೆಳಕಿಗೆ ಕಿಟಕಿ ಗಾಜಿನ ಮೇಲೆ ಹಿಡಿ.

ಇದಾದ ಮೇಲೆ ಒಂದು ಭಾನುವಾರ ಲಾಲ್‌ಬಾಗಿನ ಬಂಡೆ ಹತ್ತಿ, ಮೇಲಿರುವ ಕೆಂಪೇಗೌಡರ ಗೋಪುರವನ್ನು ಟೇಪಿಲ್ಲದೆ, ಹೆಜ್ಜೆಯಲ್ಲಿ ಅಳೆದು ಬರೆ. 1889ರ ಗಾಜಿನ ಮನೆಗೆ ಈಗಲೇ ಕೈ ಹಾಕಬೇಡ, ಆ ಕಬ್ಬಿಣದ ಕಮಾನುಗಳು ಅಳು ಬರಿಸುತ್ತವೆ.

ನಾಲ್ಕನೇ ಶೀಟು ಕೊಡುವಾಗ ‘ಯಾವ ಗೆರೆ ಸತ್ತಿದೆ, ಬೆರಳಿಟ್ಟು ತೋರಿಸಿ ಸಾರ್’ ಅಂತ ಮೇಷ್ಟ್ರನ್ನು ಕೇಳು. ತೋರಿಸದಿದ್ದರೆ ಶೀಟಿನ ಫೋಟೊ ನನಗೆ ಕಳಿಸು.