ಎಲ್ಲ ಕಾಲಕ್ಕೂ ದೊಡ್ಡ ಪುರುಷ ಟೆನಿಸ್ ಆಟಗಾರ ಯಾರು? ಗ್ರ್ಯಾಂಡ್ ಸ್ಲಾಮ್ (ವರ್ಷದ ನಾಲ್ಕು ದೊಡ್ಡ ಟೂರ್ನಿಗಳು) ಲೆಕ್ಕ ಒಂದೇ ಸಾಕಾ?

ಸಾಕಾಗಲ್ಲ. ಬರೀ ಲೆಕ್ಕ ನೋಡಿದರೆ ಉತ್ತರ ಜೊಕೊವಿಚ್: 24 ಗ್ರ್ಯಾಂಡ್ ಸ್ಲಾಮ್, ನಂಬರ್ ಒನ್ ಸ್ಥಾನದಲ್ಲಿ 428 ವಾರ.

ಈಗ ರಾಡ್ ಲೇವರ್‌ನನ್ನು ತಗೊಳ್ಳಿ. 1962ರಲ್ಲಿ ಒಂದೇ ವರ್ಷ ನಾಲ್ಕೂ ಸ್ಲಾಮ್ ಗೆದ್ದ. ಆಮೇಲೆ ದುಡ್ಡಿಗೆ ಆಡುವ ವೃತ್ತಿಪರರ ಜೊತೆ ಸೇರಿಕೊಂಡ. ಆಗ ವೃತ್ತಿಪರರಿಗೆ ಸ್ಲಾಮ್‌ಗಳಲ್ಲಿ ಪ್ರವೇಶವೇ ಇರಲಿಲ್ಲ. 1968ರಲ್ಲಿ ಬಾಗಿಲು ತೆರೆಯಿತು, 1969ರಲ್ಲಿ ಮತ್ತೆ ನಾಲ್ಕೂ ಗೆದ್ದ! ಒಟ್ಟು 11. ನಡುವೆ ಐದು ವರ್ಷ ಹೋದವಲ್ಲ, ಅದು ಆಟಗಾರ ತುಂಬು ಕಸುವಿನಲ್ಲಿರುವ ವಯಸ್ಸು. ಇನ್ನೊಂದು ಮಗ್ಗುಲೂ ಇದೆ. 1962ರಲ್ಲಿ ರೋಸ್‌ವಾಲ್‌ನಂಥ ವೃತ್ತಿಪರರು ಅವನ ಎದುರಿಗೆ ಇರಲಿಲ್ಲ. ಆಗ ನಾಲ್ಕರಲ್ಲಿ ಮೂರು ಸ್ಲಾಮ್ ಹುಲ್ಲಿನ ಮೇಲೇ ನಡೀತಿದ್ದವು.

1970ರ ದಶಕದ ಸ್ವೀಡನ್ ಆಟಗಾರ ಬೋರ್ಗ್ ಕಥೆ ಬೇರೆ. ಅವನದೂ 11, ಆದರೆ ಆಸ್ಟ್ರೇಲಿಯನ್ ಓಪನ್ ಆಡಿದ್ದು ಒಂದೇ ಸಲ. ಆ ಕಾಲದಲ್ಲಿ ದೊಡ್ಡವರು ಎಷ್ಟೋ ಜನ ಅಷ್ಟು ದೂರ ಹೋಗ್ತಾನೇ ಇರಲಿಲ್ಲ.

2023ರಲ್ಲಿ ಧಾರವಾಡದಲ್ಲಿ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಟೂರ್ನಿ ನಡೆದಾಗಲೂ ನಮ್ಮ ಗೆಳೆಯರ ನಡುವೆ ಇದೇ ಜಗಳ. ಅರ್ಧ ಜನ ಫೆಡರರ್ ಬಿಟ್ಟು ಬೇರೆ ಹೆಸರೇ ಕೇಳಲ್ಲ, ಬಿಡಿ.

ನನ್ನ ಮತ ಜೊಕೊವಿಚ್‌ಗೇ. ನಾಲ್ಕು ಸ್ಲಾಮ್‌ಗಳಲ್ಲಿ ಒಂದೊಂದನ್ನೂ ಕನಿಷ್ಠ ಮೂರು ಸಲ ಗೆದ್ದಿದ್ದಾನೆ. ಅದೂ ಎಂಥವರ ಎದುರು? ನಡಾಲ್ ವಿರುದ್ಧ 31-29, ಫೆಡರರ್ ವಿರುದ್ಧ 27-23. ಮಣ್ಣಿನ ಕೋರ್ಟ್ ಬಗ್ಗೆ ಮಾತ್ರ ಕೇಳಿದರೆ ನಡಾಲ್, 14 ಫ್ರೆಂಚ್ ಓಪನ್. ಅಲ್ಲಿ ವಾದಕ್ಕೆ ಜಾಗವೇ ಇಲ್ಲ.