ಓದುಗರ ಪ್ರಶ್ನೆ, ನಮ್ಮ ಉತ್ತರ: ರ‍್ಯಾಕೆಟ್‌ನ ಹೊಸ ಆವೃತ್ತಿ, ಹಳೆಯ ಪ್ರೋಗ್ರಾಂ

ಪ್ರಶ್ನೆ: ಅಡಿಕೆ ಮಾರಾಟದ ಲೆಕ್ಕ ಇಡಲು ರ‍್ಯಾಕೆಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 7.9ನೇ ಆವೃತ್ತಿಯಲ್ಲಿ ಒಂದು ಪ್ರೋಗ್ರಾಂ ಬರೆದುಕೊಂಡಿದ್ದೆ. ಈಚೆಗೆ 8ನೇ ಸರಣಿಯ ಆವೃತ್ತಿಯನ್ನು ಹಾಕಿಕೊಂಡೆ. ಡಾಕ್ಟರ್‌ರ‍್ಯಾಕೆಟ್ (ಪ್ರೋಗ್ರಾಂ ಬರೆದು ಓಡಿಸುವ ಕಿಟಕಿ) ಮೊದಲಿನಂತೆಯೇ ಕಾಣುತ್ತದೆ. ಆದರೆ ಪ್ರೋಗ್ರಾಮನ್ನು ಕಮಾಂಡ್ ಕೊಟ್ಟು ಓಡಿಸಿದರೆ ಕಂಪೈಲಾದ (ಯಂತ್ರಕ್ಕೆ ತಿಳಿಯುವಂತೆ ಪರಿವರ್ತಿಸಿದ) ಕೋಡಿನ ಆವೃತ್ತಿ ಹೊಂದುತ್ತಿಲ್ಲ ಎಂಬ ದೋಷ ತೋರಿಸುತ್ತದೆ. ಹಾಗಿದ್ದರೆ ಹೊಸದಾಗಿ ಬದಲಾಗಿರುವುದೇನು?
– ಓದುಗರೊಬ್ಬರು, ಶಿರಸಿ

ಉತ್ತರ: ಬದಲಾಗಿರುವುದು ಬುಡ. ಜಾನ್ ಮೆಕಾರ್ಥಿ 1958ರಲ್ಲಿ ಆರಂಭಿಸಿದ ಲಿಸ್ಪ್ ಭಾಷೆಯ ವಂಶದಲ್ಲಿ ಸ್ಕೀಮ್‌ನ ಕವಲಿಗೆ ಸೇರಿದ ರ‍್ಯಾಕೆಟ್, 2010ರವರೆಗೆ ಪಿಎಲ್‌ಟಿ ಸ್ಕೀಮ್ ಎಂಬ ಹೆಸರಿನಲ್ಲಿತ್ತು. ಅದನ್ನು ಓಡಿಸುವ ಯಂತ್ರಭಾಗ ಬಹುಪಾಲು ಸಿ ಭಾಷೆಯಲ್ಲಿದ್ದು, ತಿದ್ದಲು ಕಷ್ಟವಾಗುವಷ್ಟು ಬೆಳೆದಿತ್ತು. 2021ರ ಫೆಬ್ರುವರಿಯಲ್ಲಿ ಬಂದ 8.0ರಿಂದ ಆ ಜಾಗಕ್ಕೆ ಶೇ ಸ್ಕೀಮ್ ಎಂಬ ಹಳೆಯ, ನುರಿತ ಕಂಪೈಲರ್ ಬಂದಿದೆ. ಸಿಸ್ಕೋ ಕಂಪನಿ 2016ರಲ್ಲಿ ಅದನ್ನು ಮುಕ್ತ ತಂತ್ರಾಂಶವಾಗಿಸಿದ್ದರಿಂದಲೇ ಇದು ಸಾಧ್ಯವಾಯಿತು. ರಾಶಿ, ಚಾಲಿ, ಬೆಟ್ಟೆ ಅಡಿಕೆಗಳ ತೂಕ ಮತ್ತು ದರವನ್ನು ಗುಣಿಸಿ ಕೂಡುವ ನಿಮ್ಮ ಪ್ರೋಗ್ರಾಮಿನಲ್ಲಿ ವೇಗದ ವ್ಯತ್ಯಾಸ ಕಾಣಿಸಲಾರದು. ವೇಗಕ್ಕೆಂದೇ ಹೊಸತಿಗೆ ಹೋಗಿ ಎಂದು ನಾನು ಹೇಳುವುದಿಲ್ಲ.

ನೀವು ಹೇಳಿದ ದೋಷಕ್ಕೆ ಕಾರಣ ಸರಳ. ಪ್ರೋಗ್ರಾಂ ಇರುವ ಫೋಲ್ಡರಿನೊಳಗೆ ‘ಕಂಪೈಲ್ಡ್’ ಎಂಬ ಇನ್ನೊಂದು ಫೋಲ್ಡರ್ ಇರುತ್ತದೆ. ಅದರಲ್ಲಿರುವುದು 7.9 ತಯಾರಿಸಿಟ್ಟ ಕೋಡ್. ಹೊಸ ಆವೃತ್ತಿ ಅದನ್ನು ಒಪ್ಪುವುದಿಲ್ಲ. ಆ ಫೋಲ್ಡರನ್ನು ಅಳಿಸಿ, ಇಲ್ಲವೇ ‘ರ‍್ಯಾಕೊ ಮೇಕ್’ ಆಜ್ಞೆ ಕೊಟ್ಟು ಮತ್ತೆ ಕಂಪೈಲ್ ಮಾಡಿ. ನಿಮ್ಮ ಮೂಲ ಬರಹಕ್ಕೆ ಏನೂ ಆಗುವುದಿಲ್ಲ. ಹೊರಗಿನಿಂದ ಪ್ಯಾಕೇಜುಗಳನ್ನು ಹಾಕಿಕೊಂಡಿದ್ದರೆ ಅವೂ ತಾವಾಗಿ ಹೊಸತಕ್ಕೆ ಬರುವುದಿಲ್ಲ. ‘ರ‍್ಯಾಕೊ ಪಿಕೆಜಿ ಮೈಗ್ರೇಟ್ 7.9’ ಎಂದು ಹೇಳಿದರೆ ಅದು ಹಳೆಯ ಪಟ್ಟಿಯನ್ನು ನೋಡಿ ಪ್ಯಾಕೇಜುಗಳನ್ನು ಅಂತರ್ಜಾಲದಿಂದ ತರಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಡುವ ಊರಾದರೆ ಈ ಕೆಲಸವನ್ನು ಪೇಟೆಗೆ ಬಂದಾಗ ಮುಗಿಸಿಕೊಳ್ಳುವುದು ವಾಸಿ.

ಪ್ರಶ್ನೆ: ಜಿಲ್ಲೆಯ ಊರುಗಳ ಹೆಸರನ್ನು ಕನ್ನಡದಲ್ಲಿ ಪಟ್ಟಿ ಮಾಡುವಾಗ ರ‍್ಯಾಕೆಟ್ ‘ಅಂಕೋಲಾ’ ಎಂಬುದರಲ್ಲಿ ಆರು ಅಕ್ಷರಗಳಿವೆ ಎನ್ನುತ್ತದೆ. ಹೊಸ ಆವೃತ್ತಿಯಲ್ಲಿ ಇದಕ್ಕೆ ಪರಿಹಾರವಿದೆಯೇ?
– ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ಇದೆ, ಮತ್ತು ಕನ್ನಡಿಗರ ಮಟ್ಟಿಗೆ ಹೊಸ ಸರಣಿಗೆ ಹೋಗಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ. ಉದ್ದ ಹೇಳುವ ‘ಸ್ಟ್ರಿಂಗ್-ಲೆಂತ್’ ಫಂಕ್ಷನ್ ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆಯಾದ್ದರಿಂದ ಅ, ಅನುಸ್ವಾರ, ಕ, ಓತ್ವ, ಲ, ದೀರ್ಘ ಎಂದು ಆರಾಗುತ್ತದೆ. ಹೆಸರನ್ನು ಮೂರನೆಯ ಸಂಕೇತಕ್ಕೆ ಕತ್ತರಿಸಿದರೆ ‘ಅಂಕ’ ಉಳಿಯುತ್ತದೆ. 2022ರಲ್ಲಿ ಬಂದ 8.6ರಿಂದ ‘ಸ್ಟ್ರಿಂಗ್-ಗ್ರಾಫೀಮ್-ಕೌಂಟ್’ ಎಂಬ ಫಂಕ್ಷನ್ ಲಭ್ಯವಿದ್ದು, ಅದು ಗುಣಿತದ ಚಿಹ್ನೆಗಳನ್ನು ಆಯಾ ವ್ಯಂಜನದೊಂದಿಗೇ ಸೇರಿಸಿಕೊಂಡು ಅಂಕೋಲಾಕ್ಕೆ ಮೂರು, ಕಾರವಾರಕ್ಕೆ ನಾಲ್ಕು ಎಂದು ಹೇಳುತ್ತದೆ. ಹೆಸರನ್ನು ಕತ್ತರಿಸಬೇಕಾದಲ್ಲಿ ಅದರ ಜೊತೆಗೇ ಬಂದ ‘ಸ್ಟ್ರಿಂಗ್-ಗ್ರಾಫೀಮ್-ಸ್ಪ್ಯಾನ್’ ಬಳಸಿ, ಮೊದಲ ಅಕ್ಷರ ಎಷ್ಟು ಸಂಕೇತಗಳಿಗೆ ಮುಗಿಯುತ್ತದೆ ಎಂದು ತಿಳಿದುಕೊಳ್ಳಬಹುದು.

ಒತ್ತಕ್ಷರದ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ‘ಭಟ್ಕಳ’ದಲ್ಲಿ ನಾವು ಮೂರು ಅಕ್ಷರ ಎಣಿಸಿದರೆ, ಈ ಫಂಕ್ಷನ್ ಟ್ ಮತ್ತು ಕ ಎರಡನ್ನೂ ಬೇರೆ ಬೇರೆಯಾಗಿ ಹಿಡಿದು ನಾಲ್ಕು ಎನ್ನುತ್ತದೆ. ಛಂದಸ್ಸಿನ ಲೆಕ್ಕಕ್ಕೆ ಇದನ್ನು ನಂಬಬೇಡಿ. ಅಲ್ಲಿ ವ್ಯಂಜನದ ಸ್ವರ ತೆಗೆಯುವ ಹಲಂತ ಚಿಹ್ನೆಯ ನಂತರ ವ್ಯಂಜನ ಬಂದರೆ ಹಿಂದಿನದಕ್ಕೆ ಸೇರಿಸುವ ನಿಯಮವನ್ನು ನೀವೇ ಬರೆಯಬೇಕು. ಪಟ್ಟಿಯ ಕಂಬಸಾಲುಗಳನ್ನು ನೇರವಾಗಿಸುವುದು ನಿಮ್ಮ ಉದ್ದೇಶವಾಗಿದ್ದರೆ ಯಾವ ಎಣಿಕೆಯೂ ನೆರವಾಗದು, ಏಕೆಂದರೆ ಕನ್ನಡದ ಅಕ್ಷರಗಳ ಅಗಲ ಒಂದೇ ಸಮನಾಗಿರುವುದಿಲ್ಲ.

ಪ್ರಶ್ನೆ: ನಮ್ಮ ಪ್ರಯೋಗಾಲಯದ ಒಂದು ಉಪಕರಣಕ್ಕೆ ಹಳೆಯ ರ‍್ಯಾಕೆಟ್‌ಗೆಂದು ಸಿ ಭಾಷೆಯಲ್ಲಿ ಬರೆದ ಜೋಡಣೆಯಿದೆ. ಅದು 8ನೇ ಸರಣಿಯಲ್ಲಿ ನಡೆಯುವುದೇ?
– ಅಧ್ಯಾಪಕರು, ಕಾರವಾರ

ಉತ್ತರ: ಹಳೆಯ ಯಂತ್ರಭಾಗದ ಒಳಗಿನ ಸಿ ಸೌಲಭ್ಯಗಳನ್ನು ನೇರವಾಗಿ ಬಳಸಿ ಬರೆದ ಜೋಡಣೆಯಾದರೆ ನಡೆಯುವುದಿಲ್ಲ, ‘ಎಫ್‌ಎಫ್‌ಐ’ (ಬೇರೆ ಭಾಷೆಯ ಕೋಡನ್ನು ಕರೆಯುವ ಸೌಲಭ್ಯ) ಮೂಲಕ ಸಿ ಲೈಬ್ರರಿಯನ್ನು ಕರೆಯುತ್ತಿದ್ದರೆ ಸಾಮಾನ್ಯವಾಗಿ ನಡೆಯುತ್ತದೆ. ಪರೀಕ್ಷಿಸಿ ನೋಡುವವರೆಗೆ ಹಳೆಯದನ್ನು ತೆಗೆಯಬೇಡಿ. ಹೊಸತನ್ನು ಹಾಕುವಾಗ ಬೇರೆ ಫೋಲ್ಡರ್ ಆರಿಸಿಕೊಂಡರೆ ಎರಡೂ ಒಂದೇ ಕಂಪ್ಯೂಟರಿನಲ್ಲಿ ಇರಬಲ್ಲವು.