ಐದು ವರ್ಷದ ಮಗಳಿಗೆ ಎಡ ಮೆದುಳಿನ ಆಪರೇಷನ್ ಅಂತಿದಾರೆ, ಸ್ವಲ್ಪ ದೊಡ್ಡವಳಾಗೋವರೆಗೆ ಕಾಯಬಹುದಾ?

ನಿಮ್ಮ ಮಗಳಿಗೆ ಎಡಗಡೆ ರಾಸ್ಮುಸ್ಸನ್ (ಮೆದುಳಿನ ಒಂದು ಅರ್ಧ ಉರಿಯೂತದಿಂದ ಕೆಡ್ತಾ ಹೋಗಿ ಫಿಟ್ಸ್ ಬರೋ ಕಾಯಿಲೆ), ಆಪರೇಷನ್ ಮಾಡಿಸಿ ಮಾತು ಹೋಗಿಬಿಟ್ರೆ ಅಂತ ನಿಮಗೆ ಭಯ. ನಮ್ಮನೇಲೂ ಇದೇ ಕಥೆ, ನಮ್ಮದು ಮಗ ಅಷ್ಟೇ. ಅವನ ಬಲಗೈ ಹೆಬ್ಬೆರಳು ನಿದ್ದೇಲೂ ಅದುರ್ತಿತ್ತು, ಗಟ್ಟಿಯಾಗಿ ಹಿಡ್ಕೊಂಡು ಮಲಗಿದ್ರೂ ನನ್ನ ಅಂಗೈಯೊಳಗೇ ಅದುರೋದು. ದೊಡ್ಡ ಫಿಟ್ಸ್ ಬಂದಾಗ ನಮ್ಮತ್ತೆ ಬೀಗದ ಕೈ ಹುಡುಕ್ಕೊಂಡು ಓಡೋರು (ಅದೆಲ್ಲ ಬೇಡ, ಮಗ್ಗುಲಾಗಿ ಮಲಗಿಸಿ).

ಡಾಕ್ಟ್ರು ಹೆಮಿಸ್ಫಿರೋಟಮಿ ಅಂದಾಗ ನಮಗೆ ಕೇಳಿಸಿದ್ದು ಅರ್ಧ ಮೆದುಳು ತೆಗೀತಾರೆ ಅಂತ. ಹಂಗಲ್ಲ ರೀ, ಕೆಟ್ಟಿರೋ ಭಾಗಕ್ಕೂ ಉಳಿದಿದ್ದಕ್ಕೂ ಇರೋ ಸಂಪರ್ಕ ಕತ್ತರಿಸ್ತಾರೆ, ಬಹುಪಾಲು ಅಲ್ಲೇ ಇರುತ್ತೆ.

ನಾವು ಟೈಮ್ ಕೇಳಿದ್ವಿ. ತಪ್ಪಾಗಿದ್ದು ಅಲ್ಲೇ. ಮೆದುಳು ಇನ್ನೂ ಬೆಳೀತಿದೆ, ಬಲಿತ ಮೇಲೆ ಕೈ ಹಾಕಿಸೋಣ ಅಂದ್ಕೊಂಡ್ವಿ, ಆದ್ರೆ ಇನ್ನೂ ಬೆಳೀತಿದೆ ಅನ್ನೋ ಕಾರಣಕ್ಕೇ ಬಲಗಡೆ ಮೆದುಳು ಮಾತಿನ ಕೆಲಸ ವಹಿಸ್ಕೊಳ್ಳೋಕೆ ಆಗೋದು, ವಯಸ್ಸಾಗ್ತಾ ಆ ಶಕ್ತಿ ಇಳಿಯುತ್ತೆ. ಇನ್ನೊಂದು, ಎಡಗಡೆ ಏಳೋ ಕರೆಂಟು ಎರಡು ಅರ್ಧ ಸೇರಿಸೋ ಕಾರ್ಪಸ್ ಕಲೋಸಮ್ ದಾಟಿ ಬಲಗಡೇಗೂ ಹೋಗುತ್ತೆ, ಅಲ್ಲಿ ಹೊಸದಾಗಿ ಕಟ್ಕೋಬೇಕಾದ ನೆಟ್‌ವರ್ಕನ್ನೂ ಕೆಡಿಸುತ್ತೆ. ಪಕ್ಕದ ಮನೇಲಿ ದಿನಾ ಜಗಳ ಆದ್ರೆ ಮಗು ಓದುತ್ತಾ? ನಾವು ಮಾತ್ರ ಗುಳಿಗೆ ಬದಲಾಯಿಸ್ತಾ ಕೂತ್ವಿ. ಸರಿಯಾಗಿ ಆರಿಸಿದ ಎರಡು ಔಷಧಿ ಸೋತ್ರೆ ಅದನ್ನ ಔಷಧಿಗೆ ಬಗ್ಗದ ಎಪಿಲೆಪ್ಸಿ ಅಂತಾನೇ ಕರೀತಾರೆ, 2010ರಿಂದ ಅದೇ ಲೆಕ್ಕ. ದೆಹಲಿ ಏಮ್ಸ್‌ನವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಬೇರೆ ಥರದ ಆಪರೇಷನ್ ಆದ ಮಕ್ಕಳಲ್ಲಿ 77% ಒಂದು ವರ್ಷದ ಹೊತ್ತಿಗೆ ಫಿಟ್ಸ್ ಇಲ್ದೇ ಇದ್ರು, ಬರೀ ಔಷಧಿಯವರಲ್ಲಿ 7%.

ಕೊನೆಗೆ ಮಾಡಿಸಿದಾಗ ಅವನಿಗೆ ಒಂಬತ್ತು. ಫಿಟ್ಸ್ ನಿಂತ್ವು. ಮಾತು ಬಂತು, ಆದ್ರೆ ಕುಂಟ್ಕೊಂಡು ಬಂತು. ಚಮಚ ಬೇಕಂದ್ರೆ ಲೋಟದ ಮೇಲೆ ಬೆರಳು ತಿರುಗಿಸಿ 'ಅದು... ಹಾಲಿಗೆ...' ಅಂತಾನೆ, ನಾನು ಹೇಳಿಬಿಟ್ರೆ ಸಿಟ್ಟು ಬೇರೆ.

ಹಾಗಾಗಿ ನಿಮ್ಮ ಪ್ರಶ್ನೆ ಬುಡದಲ್ಲೇ ಸರಿ ಇಲ್ಲ. ಕಾದ್ರೆ ಮಾತು ಉಳಿಯುತ್ತೆ ಅಂದ್ಕೊಂಡಿದೀರಿ, ಆ ಕಾಯಿಲೆ ಎಡಗಡೇನ ತಿಂತಾ ಹೋದ್ರೆ ಮಾತೂ ಜೊತೇಲೇ ಹೋಗುತ್ತೆ. ಕೇಳಬೇಕಾಗಿದ್ದು, ಅವಳ ಮಾತು ಈಗ ಯಾವ ಕಡೆ ಇದೆ, ಬಲಗಡೆ ಆರೋಗ್ಯವಾಗಿದೆಯಾ ಅಂತ. ಮಾತು ಯಾವ ಕಡೆ ಅನ್ನೋದನ್ನ ಫಂಕ್ಷನಲ್ ಎಂಆರ್‌ಐ ಥರದ ಪರೀಕ್ಷೇಲಿ, ಬಲಗಡೆ ಹೇಗಿದೆ ಅನ್ನೋದನ್ನ ವಿಡಿಯೋ ಇಇಜಿ (ವಿಡಿಯೋ ಜೊತೆ ಮೆದುಳಿನ ಕರೆಂಟು ದಾಖಲಿಸೋ ಪರೀಕ್ಷೆ), ಎಂಆರ್‌ಐ ನೋಡಿ ಹೇಳ್ತಾರೆ. ಎರಡನೇ ಅಭಿಪ್ರಾಯ ಬೇಕಿದ್ರೆ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಥರ ಈ ಸರ್ಜರಿ ಮಾಡೋ ಜಾಗದಲ್ಲೇ ತಗೊಳ್ಳಿ, ವಾಟ್ಸಾಪ್ ಗ್ರೂಪಲ್ಲಲ್ಲ.

ಎಲ್ಲಾ ವಾಪಸ್ ಬರಲ್ಲ, ಅದೂ ಗೊತ್ತಿರಲಿ. ಸಾಮಾನ್ಯವಾಗಿ ನಡೀತಾರೆ, ಆದ್ರೆ ಬಲಗೈ ಬೆರಳಿನ ಸೂಕ್ಷ್ಮ ಕೆಲಸ ಹೋಗುತ್ತೆ, ಎರಡೂ ಕಣ್ಣಲ್ಲಿ ಬಲಭಾಗದ ನೋಟ ಹೋಗುತ್ತೆ. ರಸ್ತೆ ದಾಟುವಾಗ ಕತ್ತು ಪೂರ್ತಿ ಬಲಕ್ಕೆ ತಿರುಗಿಸೋದನ್ನ ಮೊದಲ ದಿನದಿಂದಲೇ ಕಲಿಸಿ. ಮತ್ತೆ ಆಪರೇಷನ್ ಆಯ್ತು ಅಂತ ಗುಳಿಗೆ ನೀವಾಗೇ ನಿಲ್ಲಿಸಬೇಡಿ, ಅದನ್ನ ಡಾಕ್ಟ್ರು ನಿಧಾನಕ್ಕೆ ಇಳಿಸ್ತಾರೆ.